ನೀರು ಹೇಗೆ ‘ಹಾರ್ಡ್’ ಆಗುತ್ತದೆ?

ಪ್ರಶ್ನೆ: ನಮ್ಮ ಕೊಳವೆಬಾವಿಯ ನೀರು ‘ಹಾರ್ಡ್’ ಎಂದು ಫಿಲ್ಟರ್ ಮಾರಲು ಬಂದವರು ಹೇಳಿದರು. ಮಗಳ ಇಂಗ್ಲಿಷ್ ಪುಸ್ತಕದಲ್ಲಿ ಕಲ್ಲೂ ಹಾರ್ಡ್, ಲೆಕ್ಕವೂ ಹಾರ್ಡ್. ಏನಿದು?
– ಓದುಗರೊಬ್ಬರು, ಮಾಲೂರು

ಉತ್ತರ: ಕೋಲಾರ ಜಿಲ್ಲೆಯವರಾಗಿ ನನ್ನನ್ನು ಕೇಳಬೇಕೆ? ನಿಮ್ಮ ಬಚ್ಚಲುಮನೆಯ ನಲ್ಲಿಗೆ ಹಿಡಿದ ಬಿಳಿ ಕರೆಯನ್ನು ನೋಡಿ. ನೀರಿನ ಮಟ್ಟಿಗೆ ಹಾರ್ಡ್ ಎಂದರೆ ಗಟ್ಟಿ ಅಲ್ಲ, ಗಡಸು: ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುವ ನೀರು. ಅದರಲ್ಲಿ ಸೋಪು ಸುಲಭವಾಗಿ ನೊರೆಯಾಗದು, ಬೇಳೆ ಬೇಗ ಬೇಯದು. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದರೆ 600ರವರೆಗೆ ಒಪ್ಪಿಗೆಯಿದೆ. ಮಾರುವವರ ಬಾಯಿಮಾತು ಬೇಡ, ಪ್ರಯೋಗಾಲಯದಲ್ಲಿ ನೀರಿನ ಪರೀಕ್ಷೆ ಮಾಡಿಸಿಕೊಳ್ಳಿ.

ಕಲ್ಲಿಗೆ ಗಟ್ಟಿ, ಲೆಕ್ಕಕ್ಕೆ ಕಷ್ಟ, ಇವು ಸುಲಭ. ‘ಹಾರ್ಡ್ ಆಫ್ ಹಿಯರಿಂಗ್’ ಎಂದರೆ ಕಿವಿ ಮಂದ. ‘ಹಾರ್ಡ್ ಕ್ಯಾಶ್’ ಎಂದರೆ ಕೈಗೆ ಸಿಕ್ಕುವ ನಗದು. ಟೊಮೆಟೊ ಮಂಡಿಗೆ ಮಾಲು ಹಾಕಿದ ರೈತರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಮಗಳಿಗೆ ಒಂದು ಎಚ್ಚರಿಕೆ ಹೇಳಿ. ‘ವರ್ಕ್ಸ್ ಹಾರ್ಡ್’ ಎಂದರೆ ಮೈಮುರಿದು ದುಡಿಯುತ್ತಾರೆ. ‘ಹಾರ್ಡ್ಲಿ ವರ್ಕ್ಸ್’ ಎಂದರೆ ದುಡಿಯುವುದೇ ಅಪರೂಪ. ‘ಲಿ’ ಸೇರಿಸಿದರೆ ಇಂಗ್ಲಿಷ್ ಇನ್ನಷ್ಟು ಚೆಂದವಾಗುತ್ತದೆ ಎಂದು ನಂಬಿದವರು ನಮ್ಮಲ್ಲಿ ಬಹಳ. ‘ಹಾರ್ಡ್ಲಿ’ ದುಡಿಯುತ್ತೇನೆ ಎಂದು ಕೆಲಸದ ಅರ್ಜಿಯಲ್ಲಿ ಬರೆದರೆ, ಪಾಪ, ಸತ್ಯ ಹೇಳಿದಂತಾಗುತ್ತದೆ.