ಕೆಲಸದ ನಡುವಿನ ಗಾಯನ: ಓದುಗರೊಬ್ಬರಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನಷ್ಟೇ ಆರಿಸಿಕೊಂಡು ಉಳಿದವನ್ನು ಮುಂದಿನ ಸಂಚಿಕೆಗೆ ದಾಟಿಸಿದ್ದೇನೆ; ಉಳಿದ ಪತ್ರಲೇಖಕರು ಕ್ಷಮಿಸಬೇಕು. ಹೆಸರು ಪ್ರಕಟಿಸಬಾರದೆಂದು ಕೋರಿರುವ ಓದುಗರೊಬ್ಬರು ಹೀಗೆ ಬರೆಯುತ್ತಾರೆ:

“ಬೆಳಗಿನ ಅಡುಗೆ ಮುಗಿಯುವವರೆಗೆ ಮಲ್ಲಿಕಾರ್ಜುನ ಮನ್ಸೂರರ ಅಥವಾ ಗಂಗೂಬಾಯಿ ಹಾನಗಲ್ಲರ ಗಾಯನವನ್ನು ಹಚ್ಚಿಟ್ಟುಕೊಳ್ಳುವುದು ನನ್ನ ಬಹುಕಾಲದ ರೂಢಿ. ಸಂಗೀತ ಕಲಿತಿರುವ ನಮ್ಮ ಭಾವನವರು ಮೊನ್ನೆ ಬಂದಿದ್ದಾಗ, ಪಾತ್ರೆಗಳ ಸದ್ದಿನಲ್ಲಿ ಇಂಥವರನ್ನು ಕೇಳುವುದು ಅಪಚಾರ, ಕೇಳುವುದಾದರೆ ಕುಳಿತು ಕೇಳು, ಇಲ್ಲವಾದರೆ ನಿಲ್ಲಿಸು ಎಂದರು. ನನಗೆ ರಾಗಗಳ ಹೆಸರು ಕೂಡ ತಿಳಿಯದು. ಯಾವ ಆಲಾಪದ ಬೆನ್ನಿಗೆ ಯಾವುದು ಬರುತ್ತದೆ ಎಂಬುದಷ್ಟೇ ಗೊತ್ತು. ಭಾವನವರ ಮಾತು ಸರಿಯೇ?”

ಭಾವನವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಮನ್ಸೂರರದು ಜೈಪುರ-ಅತ್ರೌಲಿ ಘರಾಣೆಯ, ಎಂದರೆ ಆ ಗುರುಪರಂಪರೆಯ, ಗಾಯನ. ಆ ಘರಾಣೆಯ ಮೂಲಪುರುಷ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನರಿಂದ ಪಡೆದ ವಿದ್ಯೆ. ಖಟ್, ಶಿವಮತ ಭೈರವ, ಏಕ ನಿಷಾದ ಬಿಹಾಗಡಾದಂಥ ಅಪರೂಪದ ರಾಗಗಳಲ್ಲಿ ಅವರ ತಾನುಗಳು, ಆ ವೇಗದ ಸ್ವರಮಾಲೆಗಳು, ತಿರುವಿನ ಮೇಲೆ ತಿರುವು ತೆಗೆದುಕೊಂಡು ತಾಳದ ಮೊದಲ ಪೆಟ್ಟಾದ ಸಮ್ಮಿಗೆ ಬಂದು ಸೇರುವ ಬಗೆಯನ್ನು ಪೂರ್ತಿಯಾಗಿ ಹಿಂಬಾಲಿಸಬೇಕಾದರೆ ಕಿವಿ ಬೇರೆಡೆಗೆ ಹೋಗಕೂಡದು. ಭಾವನವರಿಗೆ ಸಲ್ಲಬೇಕಾದ ಮರ್ಯಾದೆ ಇಲ್ಲಿಗೆ ಸಂದಿತು.

ಆದರೆ ಕಣ್ಣು ಮುಚ್ಚಿ ಕುಳಿತವರು ಮಾತ್ರವೇ ಕೇಳುಗರು ಎನ್ನುವುದಾದರೆ, ಭಾವನವರು ಗೌರವಿಸುವ ಗಾಯಕರ ಜೀವನಚರಿತ್ರೆಗಳನ್ನೇ ತಿದ್ದಿ ಬರೆಯಬೇಕಾಗುತ್ತದೆ. ಗಂಗೂಬಾಯಿಯವರು ಬಾಲ್ಯದಲ್ಲಿ ಗ್ರಾಮಫೋನಿನ ಹಾಡು ಕಿವಿಗೆ ಬಿದ್ದರೆ ಬೀದಿಗೆ ಓಡಿಹೋಗಿ ನಿಂತು ಕೇಳುತ್ತಿದ್ದರು. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದದ್ದರ ಹಿಂದೆ, ಅಂಗಡಿಯೊಂದರಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಠುಮ್ರಿಯ ಧ್ವನಿಮುದ್ರಿಕೆಯಿತ್ತು. ಆ ಕಾಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಮೂರು, ಮೂರೂವರೆ ನಿಮಿಷದ ಗಾಯನ. ವ್ಯಾಪಾರದ ಗಲಾಟೆಯಲ್ಲಿ ನಿಂತು ಅಷ್ಟನ್ನು ಕೇಳಿದ ಹುಡುಗನಿಗೆ, ಮಗೂ, ಇದು ಅಪಚಾರ, ಮನೆಗೆ ಹೋಗು ಎಂದು ಯಾರೂ ಹೇಳದಿದ್ದುದು ನಮ್ಮೆಲ್ಲರ ಪುಣ್ಯ.

ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಕಥೆ ನನಗೆ ಇನ್ನೂ ಪ್ರಿಯವಾದದ್ದು. ಕ್ಷಯರೋಗ ತಗುಲಿ, ಹಾಡಕೂಡದೆಂಬ ವೈದ್ಯರ ಅಪ್ಪಣೆಯಿಂದ ಮಧ್ಯಪ್ರದೇಶದ ಮಾಳವ ಸೀಮೆಯ ದೇವಾಸದಲ್ಲಿ ಹಾಸಿಗೆ ಹಿಡಿದಿದ್ದ ವರ್ಷಗಳಲ್ಲಿ ಅವರ ಕಿವಿಗೆ ಬಿದ್ದದ್ದು ಮಾಳವದ ಜನಪದ ಹೆಂಗಸರ ಹಾಡು. ಆ ಹೆಂಗಸರು ಹಾಡಿದ್ದು ಸಭೆಗಾಗಿ ಅಲ್ಲ, ಕುಮಾರರು ಕೇಳಿದ್ದು ಸಭೆಯಲ್ಲಿ ಕುಳಿತೂ ಅಲ್ಲ. ಆದರೂ ಗುಣಮುಖರಾಗಿ ಅವರು ಮತ್ತೆ ವೇದಿಕೆಗೆ ಬಂದಾಗ ಆ ಧಾಟಿಗಳೊಳಗಿಂದಲೇ ಹೊಸ ರಾಗಗಳು ಮೂಡಿದವು. ನಮ್ಮ ಕಡೆಯ ಗರತಿಯರಾದರೂ ತ್ರಿಪದಿಗಳನ್ನು ಹಾಡಿದ್ದು ಬೀಸುಕಲ್ಲಿನ ಗೂಟವನ್ನು ಹಿಡಿದೇ ಅಲ್ಲವೇ? ಕಲ್ಲು ನಿಲ್ಲಿಸಿ ಹಾಡಿರೆಂದು ಅವರಿಗೆ ಹೇಳಿದ್ದರೆ ಹಿಟ್ಟೂ ಇರುತ್ತಿರಲಿಲ್ಲ, ಹಾಡೂ ಇರುತ್ತಿರಲಿಲ್ಲ.

ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ ಚಿಕ್ಕವಯಸ್ಸಿನಲ್ಲಿ ಮೊಟ್ಸಾರ್ಟನ ರಚನೆಯೊಂದನ್ನು ಅಭ್ಯಾಸ ಮಾಡುತ್ತಿದ್ದಾಗ ಮನೆಗೆಲಸದವರು ಪಕ್ಕದಲ್ಲೇ ಕಸ ಹೀರುವ ಯಂತ್ರವನ್ನು ಚಾಲೂ ಮಾಡಿದರಂತೆ. ತಮ್ಮ ವಾದನವೇ ತಮಗೆ ಸರಿಯಾಗಿ ಕೇಳದಂತಾದಾಗ ಅದು ಮೊದಲಿಗಿಂತ ಚೆನ್ನಾಗಿದೆಯೆಂದು ಅವರಿಗೆ ಅನ್ನಿಸಿತು; ಸದ್ದಿನ ನಡುವೆ ಕಿವಿ ಮಾಡಬೇಕಾದ ಕೆಲಸವನ್ನು ಮನಸ್ಸು ವಹಿಸಿಕೊಂಡಿತ್ತು. ನಿಮ್ಮ ಅಡುಗೆಮನೆಯಲ್ಲಿ ನಡೆಯುತ್ತಿರುವುದೂ ಇದೇ ಎಂದು ನನ್ನ ನಂಬಿಕೆ.

ಇಷ್ಟಾದ ಮೇಲೆ ನಿಮ್ಮನ್ನು ಸ್ವಲ್ಪ ಗದರಿಸಬೇಕಾಗಿದೆ. ರಾಗಗಳ ಹೆಸರು ತಿಳಿಯದೆಂದು ಇಷ್ಟೊಂದು ಸಂಕೋಚದಿಂದ ಏಕೆ ಬರೆದಿರಿ? ಯಾವ ಆಲಾಪದ ಬೆನ್ನಿಗೆ ಯಾವುದು ಬರುತ್ತದೆಂದು ಬಲ್ಲವರು ನೀವು. ಒಂದೇ ಧ್ವನಿಮುದ್ರಣವನ್ನು ದಿನದಿನವೂ ಕೇಳಿ, ಇಂದು ಸ್ವರದಿಂದ ಸ್ವರಕ್ಕೆ ಜಾರುವ ಒಂದು ಮೀಂಡ್, ನಾಳೆ ಒಂದು ಉಸಿರು ಎಂಬಂತೆ ಕೂಡಿಸಿಕೊಂಡ ಅರಿವು ಅದು. ಒಬ್ಬ ಗಾಯಕ ನಮ್ಮ ಮೆಚ್ಚಿನವನಾಗುವುದು ವರ್ಷಕ್ಕೊಮ್ಮೆ ಭಕ್ತಿಯಿಂದ ಕೈಮುಗಿದಾಗ ಅಲ್ಲ. ಬೇಸರದ ದಿನವೂ, ಜ್ವರದ ದಿನವೂ, ನೆಂಟರು ತುಂಬಿದ ದಿನವೂ ಅವನ ದನಿ ಮನೆಯಲ್ಲಿ ಇದ್ದಾಗ. ನಾನು ಕೆಲಸ ಕಲಿತ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ರೇಡಿಯೋ ಇಲ್ಲದೆ ಕೈ ಆಡಿಸುತ್ತಿರಲಿಲ್ಲ. ಭೀಮಸೇನರು ಮೇಲಿನ ‘ಸ’ ಆದ ತಾರಷಡ್ಜದಲ್ಲಿ ನಿಂತಾಗ ಆ ಹಿರಿಯರ ಕೈಯೂ ಮೊಳೆಗಳ ಮೇಲೆ ಹಾಗೆಯೇ ನಿಲ್ಲುತ್ತಿತ್ತು. ರಾಗದ ಹೆಸರನ್ನು ಅವರು ಎಂದೂ ಹೇಳಿದ್ದಿಲ್ಲ. ಅವರಿಗಿಂತ ಚೆನ್ನಾಗಿ ಕೇಳಿದವರನ್ನು ನಾನು ಸಭಾಂಗಣಗಳಲ್ಲಿ ಹೆಚ್ಚು ಕಂಡಿಲ್ಲ.

ಹೇಗೆ ಕೇಳಬೇಕು, ಏನನ್ನು ಕೇಳಬೇಕು ಎಂದು ವಿಧಿಸುವ ಚಟ ನಮ್ಮಲ್ಲಿ ಹಳೆಯದು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ. ವಿ. ಕೇಸ್ಕರರು ಶಾಸ್ತ್ರೀಯ ಸಂಗೀತಕ್ಕೆ ಆಕಾಶವಾಣಿಯಲ್ಲಿ ದೊಡ್ಡ ಸ್ಥಾನ ಕೊಟ್ಟರು. ಅದಕ್ಕೆ ಅವರಿಗೆ ವಂದನೆ. ಜೊತೆಗೇ ಚಿತ್ರಗೀತೆಗಳನ್ನು ಹೊರಗೆ ಹಾಕಿದರು. ಜನ ಅವನ್ನು ಬಿತ್ತರಿಸುತ್ತಿದ್ದ ರೇಡಿಯೋ ಸಿಲೋನಿನತ್ತ ತಿರುಗಿಕೊಂಡರು. ಕೊನೆಗೆ 1957ರಲ್ಲಿ ಆಕಾಶವಾಣಿಯೇ ಚಿತ್ರಗೀತೆಗಳಿಗೆ ಜಾಗ ಕೊಡುವ ವಿವಿಧ ಭಾರತಿಯನ್ನು ತೆರೆಯಬೇಕಾಯಿತು. ಸಂಗೀತದ ಮೇಲಿನ ಪ್ರೀತಿಯಿಂದಲೇ ಕೇಳುಗರನ್ನು ಓಡಿಸಿದ ಈ ಪ್ರಸಂಗವನ್ನು ಭಾವನವರಿಗೆ ಓದಿ ಹೇಳಿ.

ಇನ್ನು ಕುಳಿತು ಕೇಳುವವರ ಇಂದಿನ ಸಭೆಗಳಾದರೂ ಹೇಗಿವೆ? ಶಾಲು ಹೊದಿಸುವುದರಲ್ಲಿ, ಅತಿಥಿಗಳ ಭಾಷಣದಲ್ಲಿ ಸಂಜೆಯ ಅರ್ಧ ಕಳೆಯುತ್ತದೆ. ತಂಬೂರಿ ಶ್ರುತಿಗೊಳ್ಳುವ ಹೊತ್ತಿಗೆ ಗಣ್ಯರು ಎದ್ದು ಹೋಗಿರುತ್ತಾರೆ. ಉಳಿದವರಲ್ಲಿ ಮುಂದಿನ ಸಾಲಿನವರು ಮೊಬೈಲನ್ನು ಮುಖಕ್ಕೆ ಅಡ್ಡ ಹಿಡಿದು, ಅರ್ಧ ನಿಮಿಷದ ತುಣುಕನ್ನು ಚಿತ್ರೀಕರಿಸಿ, ಅಲ್ಲಿಂದಲೇ ಯಾರಿಗೋ ಕಳಿಸುತ್ತಾರೆ. ಇದನ್ನು ಅಪಚಾರವೆಂದು ಕರೆಯಲು ನಮ್ಮ ಪಂಡಿತರಿಗೆ ನಾಲಿಗೆ ಏಳುವುದಿಲ್ಲ. ಹೆಂಗಸೊಬ್ಬಳು ತನ್ನ ಮನೆಯಲ್ಲಿ ಪಾತ್ರೆ ತೊಳೆಯುತ್ತ ಇಡೀ ಖ್ಯಾಲನ್ನು ಕೇಳಿದರೆ ಮಾತ್ರ ಏಳುತ್ತದೆ.

ಆದ್ದರಿಂದ ನಾಳೆಯೂ ಹಚ್ಚಿಡಿ. ಭಾವನವರು ಇದಕ್ಕೆ ಪ್ರತಿಕ್ರಿಯೆ ಬರೆದರೆ ಒಂದು ಪುಟದ ಮಿತಿಯಲ್ಲಿ ಅಚ್ಚು ಹಾಕಲು ನಾನು ಸಿದ್ಧ. ಒಂದು ವಿಲಂಬಿತ (ನಿಧಾನ ಲಯದ) ಖ್ಯಾಲನ್ನು ಮೊದಲಿನಿಂದ ಕೊನೆಯವರೆಗೆ, ಫೋನು ಮುಟ್ಟದೆ, ತಾವು ಕಡೆಯ ಬಾರಿ ಕುಳಿತು ಕೇಳಿದ್ದು ಯಾವಾಗ ಎಂಬುದನ್ನೂ ಅದರಲ್ಲಿ ತಿಳಿಸಬೇಕೆಂದು ಅವರಲ್ಲಿ ಕೋರಿಕೆ.

— ಸಂಪಾದಕ