ಡೆನ್ಮಾರ್ಕಿನ ಪ್ರಾಂತಗಳ ಒಕ್ಕೂಟದಿಂದ ಪ್ರಸ್ತಾವ ವಾಪಸ್ ಬಂದಿದ್ದಕ್ಕೆ

ಆಸ್ಪತ್ರೆ ತಂತ್ರಾಂಶದ ಪ್ರಯೋಗಕ್ಕೆ ನೀವು ಕಳಿಸಿದ ಪ್ರಸ್ತಾವವನ್ನು ‘ನಮ್ಮ ವ್ಯಾಪ್ತಿಯಲ್ಲ’ ಎಂದು ಡ್ಯಾನ್ಸ್ಕೆ ರೆಗಿಯೋನರ್ ಮರಳಿಸಿದ್ದು ಬಹುಶಃ ವಿಳಾಸ ತಪ್ಪಿದ್ದರಿಂದ. ಅದು ಪ್ರಾಂತಗಳ ಒಕ್ಕೂಟವೇ ಹೊರತು ಅವುಗಳ ಮೇಲಧಿಕಾರಿಯಲ್ಲ. 2007ರಲ್ಲಿ ರಚನೆಯಾದ ಈ ಪ್ರಾಂತಗಳಿಗೆ ತೆರಿಗೆ ಹಾಕುವ ಹಕ್ಕಿಲ್ಲ. ಹಾಗಾಗಿ ವರ್ಷವರ್ಷವೂ ಸರ್ಕಾರದ ಜೊತೆ ಕೂತು ಹಣದ ಒಪ್ಪಂದ ಕುದುರಿಸುವುದೇ ಒಕ್ಕೂಟದ ದೊಡ್ಡ ಕೆಲಸ. ಆಸ್ಪತ್ರೆ ನಡೆಸುವುದು ಆಯಾ ಪ್ರಾಂತ.

ಮೊದಲು ನಿಮ್ಮ ಆಸ್ಪತ್ರೆ ಯಾವ ಪ್ರಾಂತದ್ದೆಂದು ಖಚಿತಪಡಿಸಿಕೊಳ್ಳಿ. ರಾಜಧಾನಿ ಅಥವಾ ಝೀಲ್ಯಾಂಡ್ ಆಗಿದ್ದರೆ ಎಚ್ಚರ: 2027ರ ಜನವರಿ 1ಕ್ಕೆ ಎರಡೂ ಒಂದೇ ಪ್ರಾಂತವಾಗುವಂತೆ ಕಾನೂನಾಗಿದೆ, ಹಳೆಯ ವಿಳಾಸ ನಂಬಬೇಡಿ. ಆಮೇಲೆ ಆ ಪ್ರಾಂತದ ಖರೀದಿ ವಿಭಾಗಕ್ಕೆ ಬರೆಯಿರಿ. ಔಷಧಿ ಮಾರುವುದಿದ್ದರೆ ಮಾತ್ರ ದಾರಿ ಬೇರೆ, ಪ್ರಾಂತಗಳ ಜಂಟಿ ಸಂಸ್ಥೆ ಆಮ್‌ಗ್ರೋಸ್ ಆಸ್ಪತ್ರೆಗಳಿಗೆಲ್ಲ ಒಟ್ಟಾಗಿ ಟೆಂಡರ್ ಕರೆಯುತ್ತದೆ.