ಕೊಲಾಗ್ರಾಫ್‌ನಲ್ಲಿ ಕಾಗದ ಹರಿಯೋದು, ಚಿತ್ರ ಕಪ್ಪಾಗೋದು

ಮೇಡಂ, ಕೊಲಾಗ್ರಾಫ್‌ಗೆ (ರಟ್ಟಿನ ಮೇಲೆ ವಸ್ತು ಅಂಟಿಸಿ, ಮಸಿ ಹಚ್ಚಿ ಕಾಗದದ ಮೇಲೆ ಅಚ್ಚು ತೆಗೆಯುವ ಕಲೆ) ರಟ್ಟಿಗೆ ಎಲೆ, ಲೇಸು ಅಂಟಿಸಿ ಪ್ಲೇಟ್ ಮಾಡಿದೆ, ಒದ್ದೆ ಕಾಗದ ಅದಕ್ಕೇ ಕಚ್ಚಿಕೊಂಡು ಹರಿಯಿತು, ಬಂದಷ್ಟು ಭಾಗವೂ ಬರೀ ಕಪ್ಪು ಅಂತ ಬರೆದಿದ್ದೀರಿ. ಅಚ್ಚೊತ್ತುವ ಪ್ರೆಸ್ ಯಂತ್ರ ಇಲ್ಲದಿದ್ದರೆ ಆಗೋದೇ ಇಲ್ವಾ ಅಂತಲೂ ಕೇಳಿದ್ದೀರಿ.

ಹರಿದದ್ದು ಫೆವಿಕಾಲ್‌ನಿಂದ. ಅದು ಒಣಗಿದ ಮೇಲೂ ನೀರು ತಾಕಿದರೆ ಮೆತ್ತಗಾಗುತ್ತದೆ. ಹಾಗಾಗಿ ಪ್ಲೇಟನ್ನು ಸೀಲ್ ಮಾಡಲೇಬೇಕು. ಮರಕ್ಕೆ ಹಚ್ಚುವ ಅರಗಿನ ಫ್ರೆಂಚ್ ಪಾಲಿಶ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ತೆಳುವಾಗಿ ಎರಡು ಕೋಟ್, ಹಿಂದೆ ಮುಂದೆ ಎರಡೂ ಕಡೆ ಕೊಡಿ. ಅಂಚು ಬಿಡಬೇಡಿ, ರಟ್ಟು ನೀರು ಕುಡಿಯೋದು ಅಲ್ಲಿಂದಲೇ. ರಾತ್ರಿಯಿಡೀ ಒಣಗಲಿ. ದಪ್ಪಗೆ ಬಳಿದರೆ ಎಲೆಯ ಸಣ್ಣ ನರಗಳೆಲ್ಲ ಮುಚ್ಚಿಹೋಗುತ್ತವೆ.

ಇನ್ನು ಕಪ್ಪು. ಮಸಿ ಬಳಿದು ಒರೆಸುವ ವಿಧಾನದಲ್ಲಿ ಒರಟು ಜಾಗ ಮಸಿ ಹಿಡಿಯುತ್ತದೆ, ನುಣುಪು ಜಾಗ ಬಿಟ್ಟುಕೊಡುತ್ತದೆ. ನಿಮ್ಮ ಪ್ಲೇಟ್ ಪೂರ್ತಿ ಒರಟು, ಬಿಳಿಗೆ ಜಾಗವೇ ಇಲ್ಲ! ಬಿಳಿ ಬೇಕಾದಲ್ಲಿ ಸೆಲ್ಲೋಟೇಪ್ ಅಂಟಿಸಿ. ಕಡುಕಪ್ಪು ಬೇಕಾದಲ್ಲಿ ಹಸಿ ಫೆವಿಕಾಲ್ ಮೇಲೆ ಜರಡಿ ಹಿಡಿದ ಮರಳು ಉದುರಿಸಿ. ಕುದಿಸಿ ಒಣಗಿಸಿದ ಚಹಾಪುಡಿಯೂ ನಡೆಯುತ್ತದೆ. ಬ್ಲೇಡಿನಿಂದ ಗೀರಿ ರಟ್ಟಿನ ಮೇಲ್ಪದರ ಸುಲಿದರೆ ಒಳಗಿನ ನಾರು ಬೂದು ಬಣ್ಣ ಕೊಡುತ್ತದೆ. ನನಗೆ ಜಾಸ್ತಿ ಇಷ್ಟವಾಗೋದು ಇದೇ, ಖರ್ಚೂ ಇಲ್ಲ. ಇದೆಲ್ಲ ಸೀಲ್ ಮಾಡುವ ಮುಂಚೆ ಆಗಬೇಕು.

ಒರೆಸೋದೂ ಒಂದು ಕಲೆ. ಆಯಿಲ್ ಇಂಕನ್ನು ಹಳೇ ಟೂತ್‌ಬ್ರಶ್‌ನಿಂದ ಸಂದುಗೊಂದಿಗೆಲ್ಲ ತುಂಬಿ. ಗಂಜಿ ಹಾಕಿದ ತೆಳು ಹತ್ತಿ ಬಟ್ಟೆಯನ್ನು ಉಂಡೆ ಮಾಡಿ ಸುತ್ತುಸುತ್ತಾಗಿ ಒರೆಸಿ. ಮೆತ್ತನೆ ಬಟ್ಟೆ ಬೇಡ, ಅದು ಗುಂಡಿಯೊಳಗಿನ ಮಸಿಯನ್ನೂ ಎಳೆದುಬಿಡುತ್ತದೆ. ಕೊನೆಗೆ ನ್ಯೂಸ್‌ಪೇಪರ್ ತುಂಡನ್ನು ಅಂಗೈ ಕೆಳಗೆ ಚಪ್ಪಟೆಯಾಗಿಟ್ಟು ಮೇಲಷ್ಟೇ ಸವರಿ. ಟೇಪ್ ಹಾಕಿದ ಜಾಗ ಹೊಳೆಯತೊಡಗಿದರೆ ಸಾಕು, ನಿಲ್ಲಿಸಿ.

ಪ್ರೆಸ್ ವಿಷಯ ನೇರವಾಗಿ ಹೇಳ್ತೀನಿ. ಗುಂಡಿಯೊಳಗಿನ ಮಸಿಯನ್ನು ಮೇಲೆತ್ತಲು ಒಳ್ಳೇ ಒತ್ತಡ ಬೇಕು, ಲಟ್ಟಣಿಗೆಗೆ ಅಷ್ಟು ಶಕ್ತಿ ಇಲ್ಲ. ಪ್ರೆಸ್ ಸಿಗುವವರೆಗೆ ಇದೇ ಪ್ಲೇಟನ್ನು ಉಬ್ಬು ಅಚ್ಚಿನ ಹಾಗೆ ಬಳಸಿ. ರೋಲರ್‌ನಿಂದ ಉಬ್ಬಿದ ಭಾಗಕ್ಕಷ್ಟೇ ಮಸಿ ಹಚ್ಚಿ, ತೆಳು ಕಾಗದವನ್ನು ಒದ್ದೆ ಮಾಡದೆ ಹಾಸಿ, ಮರದ ಸೌಟಿನ ಬೆನ್ನಿನಿಂದ ಉಜ್ಜಿ. ಆಗ ಲೆಕ್ಕ ತಿರುವುಮುರುವು: ಉಬ್ಬಿದ್ದು ಕಪ್ಪು, ತಗ್ಗು ಬಿಳಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾದಂಥ ಕಲಾ ಕಾಲೇಜುಗಳಲ್ಲಿ ಓದುವ ಯಾರಾದರೂ ಪರಿಚಯವಿದ್ದರೆ ಪ್ರೆಸ್ ಬಗ್ಗೆ ಕೇಳಿ ನೋಡಿ. ಪ್ರೆಸ್‌ಗೆ ಒಯ್ಯುವ ಪ್ಲೇಟ್ ಮೇಲಿನ ಉಬ್ಬು 2 ಮಿ.ಮೀ. ದಾಟದಿರಲಿ. ಕಡ್ಡಿ, ತಂತಿ ಇದ್ದರೆ ಕಾಗದ ಮಾತ್ರವಲ್ಲ, ಕಾಗದದ ಮೇಲೆ ಹಾಸುವ ಅವರ ಫೆಲ್ಟ್ (ದಪ್ಪ ಉಣ್ಣೆ ಬಟ್ಟೆ) ಕೂಡ ಹರಿಯುತ್ತದೆ. ಅಲ್ಲಿಗೆ ಮಾತ್ರ ದಪ್ಪ ಡ್ರಾಯಿಂಗ್ ಕಾಗದ, ಹತ್ತು ಹದಿನೈದು ನಿಮಿಷ ನೆನೆಸಿದ್ದು. ಟವೆಲ್ ನಡುವೆ ಒತ್ತಿ, ನೀರಿನ ಹೊಳಪು ಹೋದ ಮೇಲೆ ಬಳಸಿ.

ರಟ್ಟಿನ ರಗಳೆಯೇ ಬೇಡ ಅಂದರೆ ಜ್ಯೂಸಿನ ಟೆಟ್ರಾಪ್ಯಾಕ್ ಬಿಡಿಸಿ ತೊಳೆದು, ಒಳಗಿನ ಬೆಳ್ಳಿ ಬದಿಯಲ್ಲಿ ಸೂಜಿಯಿಂದ ಗೀಚಿ. ಅದಕ್ಕೆ ಸೀಲ್ ಬೇಕಿಲ್ಲ. ಶಾವಿಗೆ ಥರದ ಪಾಸ್ತಾ ಎಳೆಯುವ ರೋಲರ್ ಮೆಷಿನ್ ಇದ್ದರೆ ಅದರಲ್ಲೇ ಸಣ್ಣ ಪ್ರಿಂಟ್ ತೆಗೆಯಬಹುದು. ಆಮೇಲೆ ಅದನ್ನು ಅಡುಗೆಗೆ ಬಳಸಬೇಡಿ.

ಹಾಂ, ಕೆಲಸ ಮುಗಿದ ಮೇಲೆ ಅರಗು ಹಚ್ಚಿದ ಪ್ಲೇಟನ್ನು ಸ್ಪಿರಿಟ್‌ನಿಂದ ಒರೆಸಬೇಡಿ, ಅರಗು ಕರಗಿಬಿಡುತ್ತೆ. ಅಡುಗೆ ಎಣ್ಣೆ ಸಾಕು.